ಸಂತ ಪೌಲರು ಮೂರು ದಿನ ತಂಗಿದ ಊರು

ಪ್ರೇಷಿತರ ಕಾರ್ಯಕಲಾಪಗಳ ಕೊನೆಯ ಅಧ್ಯಾಯವನ್ನು ಓದುವಾಗ ನಮ್ಮ ಮನಸ್ಸೆಲ್ಲ ರೋಮಿನ ಕಡೆಗೇ ಓಡುತ್ತದೆ. ಹಡಗು ಒಡೆದು ಮಾಲ್ಟಾ ದ್ವೀಪದಲ್ಲಿ ಮೂರು ತಿಂಗಳು ಕಳೆದ ಸಂತ ಪೌಲರು, ಅಲೆಕ್ಸಾಂಡ್ರಿಯದ ಇನ್ನೊಂದು ಹಡಗು ಹತ್ತಿ ಹೊರಡುತ್ತಾರೆ. ಗ್ರೀಕರ ಅವಳಿ ದೇವತೆಗಳ ಲಾಂಛನ ಹೊತ್ತ ಹಡಗು ಅದು. ಅದು ಸಿರಾಕೂಸ್ ಎಂಬ ಊರಿನಲ್ಲಿ ಮೂರು ದಿನ ನಿಂತು, ರೇಗಿಯದ ಮೇಲೆ ಹಾಯ್ದು, ಪುತೆಯೋಲಿಯನ್ನು ತಲುಪುತ್ತದೆ. ಸಿರಾಕೂಸಿಗೆ ಸಂತ ಲೂಕರು ಕೊಟ್ಟಿರುವುದು ಒಂದೇ ಒಂದು ಸಾಲು. ಉಪದೇಶಿಗಳೂ ಅದನ್ನು ಬೇಗನೆ ದಾಟಿಬಿಡುತ್ತಾರೆ.

ಅದರಲ್ಲಿ ತಪ್ಪೇನಿಲ್ಲ. ಆದರೆ ಪೌಲರ ಹಡಗು ಆ ಬಂದರನ್ನು ಹೊಕ್ಕಾಗ, ಅಂದರೆ ಕ್ರಿ.ಶ. 60ರ ಆಸುಪಾಸಿನಲ್ಲಿ, ಆ ಊರಿಗೆ ಆಗಲೇ ಸುಮಾರು 800 ವರ್ಷ ವಯಸ್ಸು. ಅದನ್ನು ಕಟ್ಟಿದವರು ಕೊರಿಂಥದವರು. ಪೌಲರು ಒಂದೂವರೆ ವರ್ಷ ನೆಲೆಸಿ ಗುಡಾರ ಹೊಲಿದು ಬೋಧಿಸಿದ, ಎರಡು ದೀರ್ಘ ಪತ್ರಗಳನ್ನು ಬರೆದ ಅದೇ ಕೊರಿಂಥ. ತಾಯಿಯ ಮನೆಯಲ್ಲಿ ಉಂಡವರು ಮಗಳ ಊರಿಗೆ ಬಂದ ಹಾಗಾಯಿತು. ಈ ಮಗಳ ಕಥೆಯನ್ನು ಒಮ್ಮೆ ಪೂರ್ತಿಯಾಗಿ ತಿಳಿದುಕೊಳ್ಳುವುದು ಒಳ್ಳೆಯದು. ಮನೆಯಲ್ಲಿ ಭೂಪಟವಿದ್ದರೆ ಮಕ್ಕಳನ್ನು ಕೂರಿಸಿಕೊಂಡು ಇಟಲಿಯ ಕಾಲ್ಚೀಲದಂಥ ತುದಿಯ ಕೆಳಗೆ ಸಿಸಿಲಿಯನ್ನು ಹುಡುಕಿ. ಅದರ ಪೂರ್ವ ಕರಾವಳಿಯಲ್ಲಿ, ದಕ್ಷಿಣದ ಕಡೆಗೆ, ಈ ಊರು ಇಂದಿಗೂ ಇದೆ.

ಕಟ್ಟಿದವರು, ಓಡಿಸಲ್ಪಟ್ಟವರು

ಕ್ರಿ.ಪೂ. 8ನೆಯ ಶತಮಾನದಲ್ಲಿ ಗ್ರೀಕ್ ನಾಡಿನ ಊರುಗಳಲ್ಲಿ ಜನ ಹೆಚ್ಚಿದರು, ಉಳುವ ಭೂಮಿ ಸಾಲದಾಯಿತು. ಮನೆಯಲ್ಲಿ ನಾಲ್ಕು ಮಂದಿ ಗಂಡುಮಕ್ಕಳಿದ್ದರೆ ಹೊಲ ನಾಲ್ಕು ಪಾಲು. ಅದರ ಜೊತೆಗೆ ಒಳಜಗಳ, ವ್ಯಾಪಾರದ ಆಸೆ. ಹೀಗೆ ಗುಂಪುಗುಂಪಾಗಿ ಜನ ಹಡಗು ಹತ್ತಿ ಹೊಸ ಊರು ಕಟ್ಟಲು ಹೊರಟರು. ಇಂಥ ಊರನ್ನು ಅವರು 'ಅಪೊಯ್ಕಿಯ' ಎಂದು ಕರೆದರು. ಮನೆಯಿಂದ ದೂರದ ನೆಲೆ ಎಂದು ಅರ್ಥ. ಹೊರಡುವ ಮೊದಲು ಡೆಲ್ಫಿಯ ದೈವವಾಣಿಯನ್ನು ಕೇಳುವುದು, ತಾಯಿನಗರದ ಒಲೆಯಿಂದ ಬೆಂಕಿಯನ್ನು ಕೊಂಡೊಯ್ಯುವುದು ವಾಡಿಕೆ. ಮುಂದೆ ಈ ಊರುಗಳು ಸ್ವತಂತ್ರವಾಗಿಯೇ ಬಾಳಿದವು. ತಾಯಿನಗರಕ್ಕೆ ಗೌರವ ಸಲ್ಲುತ್ತಿತ್ತು, ಕಪ್ಪಕಾಣಿಕೆ ಸಾಮಾನ್ಯವಾಗಿ ಇರಲಿಲ್ಲ.

ಕೊರಿಂಥದ ಆರ್ಕಿಯಸ್ ಎಂಬ ಶ್ರೀಮಂತ ಮನೆತನದವನ ಮುಂದಾಳತ್ವದಲ್ಲಿ ಜನರು ಕ್ರಿ.ಪೂ. 734 ಅಥವಾ 733ರಲ್ಲಿ ಇಲ್ಲಿಗೆ ಬಂದರೆಂದು ಲೆಕ್ಕ. ಅವರು ಮೊದಲು ಇಳಿದದ್ದು ಒರ್ತಿಜಿಯ ಎಂಬ ಪುಟ್ಟ ದ್ವೀಪದಲ್ಲಿ. ಒಂದು ಮಗ್ಗುಲಲ್ಲಿ ದೊಡ್ಡ ಬಂದರು, ಇನ್ನೊಂದು ಮಗ್ಗುಲಲ್ಲಿ ಚಿಕ್ಕ ಬಂದರು. ಸಮುದ್ರದ ಅಂಚಿನಲ್ಲೇ ಅರೆತೂಸ ಎಂಬ ಸಿಹಿನೀರಿನ ಬುಗ್ಗೆ. ಉಪ್ಪು ನೀರಿನ ನಡುವೆ ಕುಡಿಯುವ ನೀರು ಸಿಕ್ಕರೆ ಮತ್ತೇನು ಬೇಕು? ಆ ಬುಗ್ಗೆಯನ್ನು ಇಂದೂ ನೋಡಬಹುದು. ಅದರಲ್ಲಿ ಪಪೈರಸ್ ಜೊಂಡು ಬೆಳೆದಿದೆ.

ಆದರೆ ಆ ದ್ವೀಪ ಖಾಲಿಯಾಗಿರಲಿಲ್ಲ. ಅಲ್ಲಿ ಸಿಕೆಲರೆಂಬ ಮೂಲನಿವಾಸಿಗಳಿದ್ದರು. ಆರ್ಕಿಯಸ್ ಮೊದಲು ಅವರನ್ನು ಓಡಿಸಿ ಆಮೇಲೆ ಊರು ಕಟ್ಟಿದ ಎಂದು ಗ್ರೀಕ್ ಚರಿತ್ರಕಾರ ತುಸಿಡಿಡಿಸ್ ಮುಚ್ಚುಮರೆಯಿಲ್ಲದೆ ಬರೆದಿದ್ದಾನೆ. ಮುಂದೆ ಊರಿನಲ್ಲಿ ಗಮೊರಿ ಎಂಬ ಭೂಮಾಲೀಕರ ವರ್ಗ ಬೆಳೆಯಿತು. ಅವರ ಹೊಲಗಳಲ್ಲಿ ಕಿಲ್ಲೀರಿಯರು ಎಂಬ ಜೀತದವರು ದುಡಿದರು. ಈ ಜೀತದವರು ಬಹುಮಟ್ಟಿಗೆ ನೆಲ ಕಳೆದುಕೊಂಡ ಆ ಮೂಲನಿವಾಸಿಗಳ ಸಂತತಿಯೇ ಎಂದು ವಿದ್ವಾಂಸರು ಎಣಿಸುತ್ತಾರೆ. ಪಠ್ಯಪುಸ್ತಕಗಳಲ್ಲಿ ಗ್ರೀಕ್ ವಸಾಹತುಗಳ ಬಗ್ಗೆ ನಾಟಕಶಾಲೆ, ದೇಗುಲ, ತತ್ತ್ವಶಾಸ್ತ್ರ ಎಂದೆಲ್ಲ ಓದುತ್ತೇವೆ. ಕಿಲ್ಲೀರಿಯರ ಹೆಸರು ಅಲ್ಲಿ ಕಾಣಸಿಗುವುದು ಅಪರೂಪ.

ಒಂದು ದಿನ ಈ ಜೀತದವರೂ ಊರಿನ ಬಡಜನರೂ ಒಟ್ಟುಗೂಡಿ ಭೂಮಾಲೀಕರನ್ನೇ ಹೊರದಬ್ಬಿದರು. ಮಾಲೀಕರು ನೆರೆಯ ಗೇಲ ಪಟ್ಟಣದ ಒಡೆಯ ಗೆಲೊನನ ಮೊರೆಹೊಕ್ಕರು. ಗೆಲೊನ್ ಅವರನ್ನು ಕ್ರಿ.ಪೂ. 485ರಲ್ಲಿ ಊರಿಗೆ ಕರೆತಂದ, ಜೊತೆಗೆ ಊರನ್ನೂ ತನ್ನದಾಗಿಸಿಕೊಂಡ.

ದೇಗುಲ ಕಟ್ಟಿದ ದೊರೆ

ಗೆಲೊನನದು ವಿಚಿತ್ರ ವ್ಯಕ್ತಿತ್ವ. ಸುತ್ತಲಿನ ಊರುಗಳ ಜನರನ್ನು ಬುಡಸಮೇತ ಕಿತ್ತು ಸಿರಾಕೂಸಿಗೆ ತಂದು ನೆಲೆಗೊಳಿಸಿದ. ಮೆಗಾರ ಎಂಬ ಊರನ್ನು ಗೆದ್ದಾಗ ಅಲ್ಲಿನ ಸಿರಿವಂತರಿಗೆ ಪೌರತ್ವ ಕೊಟ್ಟು, ಯುದ್ಧದಲ್ಲಿ ಯಾವ ಪಾಲೂ ಇಲ್ಲದ ಬಡವರನ್ನು ಸಿಸಿಲಿಯಿಂದ ಹೊರಗೆ ಗುಲಾಮರಾಗಿ ಮಾರಿಬಿಟ್ಟ. ಬಡಜನರ ನೆರೆ ಕಿರಿಕಿರಿ ಎಂಬುದು ಅವನ ಎಣಿಕೆಯಾಗಿತ್ತಂತೆ. ಇದೇ ಗೆಲೊನ್ ಕ್ರಿ.ಪೂ. 480ರಲ್ಲಿ ಹಿಮೇರ ಎಂಬಲ್ಲಿ ಕಾರ್ಥೇಜಿನ ಸೈನ್ಯವನ್ನು ಸೋಲಿಸಿದಾಗ, ಇನ್ನು ಮುಂದೆ ಮಕ್ಕಳನ್ನು ದೇವರಿಗೆ ಬಲಿಕೊಡಬಾರದೆಂದು ಸೋತವರಿಗೆ ಷರತ್ತು ಹಾಕಿದನೆಂದು ಪ್ಲೂಟಾರ್ಕ್ ಬರೆದಿದ್ದಾನೆ. ಒಂದೇ ಮನುಷ್ಯನ ಒಂದು ಕೈ ಮಗುವನ್ನು ಉಳಿಸುತ್ತದೆ, ಇನ್ನೊಂದು ಕೈ ಮಗುವಿನ ಅಪ್ಪನನ್ನು ಮಾರುತ್ತದೆ!

ಆ ಗೆಲುವಿನ ನಂತರ ಒರ್ತಿಜಿಯದ ಎತ್ತರದ ಜಾಗದಲ್ಲಿ ಅಥೇನ ದೇವತೆಗೆ ದೊಡ್ಡ ದೇಗುಲ ಎದ್ದಿತು. ಮುಂದೆ ಹಿಂದೆ ಆರಾರು, ಪಕ್ಕಗಳಲ್ಲಿ ಹದಿನಾಲ್ಕರಂತೆ ಭಾರಿ ಕಲ್ಲಿನ ಕಂಬಗಳು. ಅದರ ಮೇಲಿದ್ದ ಗುರಾಣಿ ಸಮುದ್ರದಲ್ಲಿ ಬಹುದೂರದವರೆಗೂ ಕಾಣುತ್ತಿತ್ತು. ಹೊರಡುವ ನಾವಿಕರು ಅದು ಕಣ್ಮರೆಯಾಗುವ ಗಳಿಗೆಯಲ್ಲಿ ಹೂವು, ಜೇನು, ಧೂಪ ತುಂಬಿದ ಬಟ್ಟಲನ್ನು ಕಡಲಿಗೆ ಅರ್ಪಿಸುತ್ತಿದ್ದರಂತೆ. ಈ ದೇಗುಲವನ್ನು ನೆನಪಿನಲ್ಲಿಡಿ, ಮತ್ತೆ ಅಲ್ಲಿಗೇ ಬರಲಿದ್ದೇವೆ.

ಕಲ್ಲುಗಣಿಯ ಏಳು ಸಾವಿರ ಮಂದಿ

ಕ್ರಿ.ಪೂ. 415ರಲ್ಲಿ ಅಥೆನ್ಸ್ ನಗರವು 134 ಯುದ್ಧನೌಕೆಗಳನ್ನು ಸಿಸಿಲಿಗೆ ಕಳುಹಿಸಿತು. ಹೇಳಿದ ಕಾರಣ ಮಿತ್ರರಿಗೆ ಸಹಾಯ, ನಿಜವಾದ ಆಸೆ ಇಡೀ ದ್ವೀಪ. ಸಿರಾಕೂಸ್ ಮೊದಮೊದಲು ಸೋಲುವಂತಿತ್ತು. ಸ್ಪಾರ್ಟದಿಂದ ಗಿಲಿಪ್ಪಸ್ ಎಂಬ ಸೇನಾನಿ ಬಂದ ಮೇಲೆ ಯುದ್ಧದ ಗಾಳಿ ತಿರುಗಿತು. ಕ್ರಿ.ಪೂ. 413ರ ಆಗಸ್ಟಿನಲ್ಲಿ ಅಥೆನ್ಸಿನವರು ಜಾಗ ಖಾಲಿ ಮಾಡಲು ಸಿದ್ಧರಾಗಿದ್ದ ರಾತ್ರಿ ಚಂದ್ರಗ್ರಹಣವಾಯಿತು. ಸೇನಾಪತಿ ನಿಕಿಯಸ್ ಶಕುನಗಳನ್ನು ಬಹಳವಾಗಿ ನಂಬುವವನು. ಜೋಯಿಸರು 27 ದಿನ ಕದಲಬಾರದೆಂದರು, ಅವನು ಕದಲಲಿಲ್ಲ. ಅಷ್ಟರಲ್ಲಿ ಸಿರಾಕೂಸಿನವರು ದೊಡ್ಡ ಬಂದರಿನ ಬಾಯಿಯನ್ನು ದೋಣಿಗಳ ಸಾಲಿನಿಂದ ಕಟ್ಟಿಬಿಟ್ಟರು. ಬಂದರಿನೊಳಗೇ ನಡೆದ ನೌಕಾಯುದ್ಧದಲ್ಲಿ ಅಥೆನ್ಸ್ ಸೋತಿತು. ನೆಲದ ಮೇಲೆ ಕಾಲ್ನಡಿಗೆಯಲ್ಲಿ ಹೊರಟವರು ದಾರಿಯಲ್ಲಿ ಹಸಿದು, ಬಾಯಾರಿ, ಕೊನೆಗೆ ಅಸಿನಾರಸ್ ನದಿಯಲ್ಲಿ ನೀರಿಗಾಗಿ ನುಗ್ಗಿದಾಗ ಅಲ್ಲೇ ಕೊಚ್ಚಲ್ಪಟ್ಟರು.

ಉಳಿದ ಸೆರೆಯಾಳುಗಳು 7,000ಕ್ಕೆ ಕಡಿಮೆಯಿರಲಿಲ್ಲ. ಅವರನ್ನು ಊರಿನ ಕಲ್ಲುಗಣಿಗಳಿಗೆ ಇಳಿಸಿದರು. ಸೂರಿಲ್ಲ; ಹಗಲು ಬಿಸಿಲು, ಶರತ್ಕಾಲದ ರಾತ್ರಿಗಳಲ್ಲಿ ಕೊರೆಯುವ ಚಳಿ. ಒಬ್ಬೊಬ್ಬನಿಗೆ ದಿನಕ್ಕೆ ನಮ್ಮ ಲೆಕ್ಕದಲ್ಲಿ ಹೆಚ್ಚುಕಡಿಮೆ ಒಂದು ಪಾವು ನೀರು, ಎರಡು ಪಾವು ಧಾನ್ಯ. ಸತ್ತವರ ಹೆಣಗಳು ಬದುಕಿದ್ದವರ ಪಕ್ಕದಲ್ಲೇ ರಾಶಿಬಿದ್ದವು. ಸುಮಾರು 70 ದಿನಗಳ ನಂತರ ಹಲವರನ್ನು ಗುಲಾಮರಾಗಿ ಮಾರಿದರು. ಅಥೆನ್ಸಿನವರನ್ನೂ ಅವರ ಜೊತೆಗೂಡಿದ್ದ ಸಿಸಿಲಿ, ಇಟಲಿಯ ಗ್ರೀಕರನ್ನೂ ಅಲ್ಲೇ ಬಿಟ್ಟರು. ಈ ಆಹಾರದ ಅಳತೆ ಎಂಟು ತಿಂಗಳು ನಡೆಯಿತೆಂದು ತುಸಿಡಿಡಿಸ್ ಬರೆದಿಟ್ಟಿದ್ದಾನೆ.

ಇಬ್ಬರೂ ಗ್ರೀಕರು, ಒಂದೇ ಭಾಷೆ, ಅವೇ ದೇವರುಗಳು. ಅಥೆನ್ಸಿನ ಊರದೇವತೆಯ ದೇಗುಲವೇ ಸೆರೆಹಿಡಿದವರ ದ್ವೀಪದ ನೆತ್ತಿಯ ಮೇಲಿತ್ತು. ಪ್ಲೂಟಾರ್ಕ್ ಹೇಳುವ ಒಂದು ಸಂಗತಿ ಮಾತ್ರ ಈ ಕತ್ತಲಿನಲ್ಲಿ ಸ್ವಲ್ಪ ಬೆಳಕು: ಸಿಸಿಲಿಯವರಿಗೆ ಯೂರಿಪಿಡಿಸ್ ಕವಿಯ ನಾಟಕಗಳೆಂದರೆ ಪ್ರಾಣ. ಅವುಗಳ ಹಾಡುಗಳನ್ನು ಬಾಯಿಪಾಠವಾಗಿ ಒಪ್ಪಿಸಬಲ್ಲ ಕೆಲವು ಸೆರೆಯಾಳುಗಳಿಗೆ ಬಿಡುಗಡೆ ಸಿಕ್ಕಿತಂತೆ. ಅವರು ಊರಿಗೆ ಹಿಂತಿರುಗಿ ಮುದಿ ಕವಿಯ ಮನೆಗೆ ಹೋಗಿ ವಂದಿಸಿದರಂತೆ.

ತಾಯಿನಗರದ ಕರೆ

ಆಮೇಲಿನ ಕಾಲವನ್ನು ಬೇಗ ದಾಟೋಣ. ಒಂದನೆಯ ದಿಯೊನಿಸಿಯಸ್ ಕ್ರಿ.ಪೂ. 405ರಿಂದ 367ರವರೆಗೆ ಆಳಿ ಊರಿನ ಸುತ್ತ ಕೋಟೆ ಕಟ್ಟಿದ. ತತ್ತ್ವಜ್ಞಾನಿ ಪ್ಲೇಟೊ ಮೂರು ಬಾರಿ ಈ ಊರಿಗೆ ಬಂದ. ದೊರೆಗಳನ್ನು ಜ್ಞಾನಿಗಳನ್ನಾಗಿ ಮಾಡಲು ಹೋಗಿ ನಿರಾಶನಾಗಿ ಮರಳಿದ. ಅಂತಃಕಲಹಗಳಿಂದ ಊರು ಎಷ್ಟು ಬರಿದಾಯಿತೆಂದರೆ ಸಂತೆಚೌಕದಲ್ಲಿ ಹುಲ್ಲು ಬೆಳೆದು ಕುದುರೆಗಳು ಮೇಯುತ್ತಿದ್ದವು. ಆಗ ಜನರು ಮಾಡಿದ್ದೇನು? ತಾಯಿನಗರ ಕೊರಿಂಥಕ್ಕೆ ಮೊರೆಯಿಟ್ಟರು. ಕ್ರಿ.ಪೂ. 344ರಲ್ಲಿ ಕೊರಿಂಥವು ತಿಮೊಲಿಯನ್ ಎಂಬ ವಯಸ್ಕನನ್ನು ಕೆಲವೇ ಹಡಗುಗಳೊಂದಿಗೆ ಕಳುಹಿಸಿತು. ಅವನು ದುಷ್ಟ ಆಳರಸರನ್ನು ತೆಗೆದುಹಾಕಿದ. ಮನೆ ಬಿಟ್ಟು ಹೋದವರು ಹಿಂತಿರುಗಿ ಬರಬೇಕೆಂದು ಕೊರಿಂಥದವರು ಗ್ರೀಸಿನ ಕ್ರೀಡೋತ್ಸವಗಳಲ್ಲಿ ಸಾರಿಸಿದರು. ಬಂದವರೆಲ್ಲ ಸೇರಿ 60,000 ಎಂದು ಹಳೆಯ ಲೆಕ್ಕ. ತಿಮೊಲಿಯನ್ ಸ್ವತಃ ಅಧಿಕಾರ ಬಿಟ್ಟುಕೊಟ್ಟು, ಕಣ್ಣು ಕಳೆದುಕೊಂಡು, ಅದೇ ಊರಿನಲ್ಲಿ ಸಾಮಾನ್ಯ ಮುದುಕನಾಗಿ ಸತ್ತ. ನಾಲ್ಕು ಶತಮಾನಗಳ ನಂತರವೂ ತಾಯಿ-ಮಗಳ ಸಂಬಂಧ ಹರಿದಿರಲಿಲ್ಲ.

ಶಾಲೆಗೆ ಹೋದವರಿಗೆಲ್ಲ ಪರಿಚಿತನಾದ ಆರ್ಕಿಮಿಡಿಸ್ ಈ ಊರಿನವನೇ. ಎರಡನೆಯ ಹಿಯೆರೊನ್ ಅರಸ ಸುಮಾರು ಅರ್ಧ ಶತಮಾನ ಕಾಲ ರೋಮಿನೊಂದಿಗೆ ಸ್ನೇಹದಿಂದಿದ್ದು ಊರನ್ನು ಕಾಪಾಡಿದ. ಅವನ ನಂತರದವರು ಕಾರ್ಥೇಜಿನ ಪಕ್ಷ ಹಿಡಿದರು. ರೋಮಿನ ಮಾರ್ಸೆಲ್ಲಸ್ ಮುತ್ತಿಗೆ ಹಾಕಿದ. ಆರ್ಕಿಮಿಡಿಸನ ಯಂತ್ರಗಳು ಹಡಗುಗಳನ್ನು ಎತ್ತಿ ಕುಕ್ಕಿದವೆಂದು ಚರಿತ್ರೆ. ಆದರೂ ಅರ್ತೆಮಿಸ್ ದೇವತೆಯ ಹಬ್ಬದ ರಾತ್ರಿ ಜನ ಕುಡಿದು ಮಲಗಿದ್ದಾಗ ರೋಮನರು ಗೋಡೆ ಹತ್ತಿದರು. ಎತ್ತರದಿಂದ ಆ ಸುಂದರ ನಗರವನ್ನು ನೋಡಿ, ಇನ್ನು ಅದಕ್ಕೆ ಆಗಲಿರುವುದನ್ನು ನೆನೆದು ಮಾರ್ಸೆಲ್ಲಸ್ ಕಣ್ಣೀರು ಹಾಕಿದನಂತೆ. ಆಮೇಲೆ ಲೂಟಿಗೆ ಅಪ್ಪಣೆಯನ್ನೂ ಕೊಟ್ಟ. ಕ್ರಿ.ಪೂ. 212ರಲ್ಲಿ ಊರು ಬಿತ್ತು, ಆರ್ಕಿಮಿಡಿಸ್ ಒಬ್ಬ ಸಿಪಾಯಿಯ ಕತ್ತಿಗೆ ಬಲಿಯಾದ. ಕ್ರಿ.ಪೂ. 75ರಲ್ಲಿ ಸಿಸಿಲಿಯಲ್ಲಿ ಅಧಿಕಾರಿಯಾಗಿದ್ದ ಸಿಸೆರೊ ಅವನ ಸಮಾಧಿಯನ್ನು ಮುಳ್ಳುಪೊದೆಗಳ ನಡುವೆ ಹುಡುಕಿ ತೆಗೆದ. ಊರಿನವರೇ ಅದನ್ನು ಮರೆತುಬಿಟ್ಟಿದ್ದರು.

ಮೂರು ದಿನ

ಈಗ ಪೌಲರ ಹಡಗಿಗೆ ಬರೋಣ. ಅದು ನಿಂತ ಬಂದರಿನಲ್ಲೇ ಅಥೆನ್ಸಿನ ನೌಕೆಗಳು ಮುಳುಗಿದ್ದವು. ತೀರದ ಮೇಲೆ ಅಥೇನಳ ದೇಗುಲ ನಿಂತಿತ್ತು. ಪೌಲರು ಆ ಮೂರು ದಿನ ಏನು ಮಾಡಿದರು? ಹಡಗು ಗಾಳಿಗಾಗಿ ಕಾದಿದ್ದಿರಬಹುದು. ಕೈದಿಯನ್ನು ಇಳಿಯಲು ಬಿಟ್ಟರೇ ಎಂಬುದನ್ನೂ ಪವಿತ್ರ ಗ್ರಂಥ ತಿಳಿಸುವುದಿಲ್ಲ. ಅವರು ಇಲ್ಲಿ ಬೋಧಿಸಿದರೆಂದು ಸಿರಾಕೂಸಿನವರು ನಂಬುತ್ತಾರೆ. ಅದಕ್ಕೂ ಮುಂಚೆಯೇ ಸಂತ ಪೇತ್ರರು ಮಾರ್ಸಿಯನ್ ಎಂಬವರನ್ನು ಇಲ್ಲಿಗೆ ಮೊದಲ ಧರ್ಮಾಧ್ಯಕ್ಷರಾಗಿ ಕಳುಹಿಸಿದರೆಂಬ ಪರಂಪರೆಯೂ ಇದೆ. ಪರಂಪರೆಯನ್ನು ಪರಂಪರೆಯಾಗಿಯೇ ಗೌರವಿಸೋಣ. ಇಲ್ಲಿನ ಕ್ರೈಸ್ತರ ಬಗ್ಗೆ ಗಟ್ಟಿಯಾದ ಸಾಕ್ಷ್ಯ ಇರುವುದು ನೆಲದ ಕೆಳಗೆ. ಸಂತ ಯೊವಾನ್ನರ ಹೆಸರಿನ ಭೂಗತ ಸ್ಮಶಾನ ಮತ್ತು ಇತರ ಸುರಂಗ ಸಮಾಧಿಗಳು ರೋಮಿನವುಗಳ ನಂತರ ಅತ್ಯಂತ ದೊಡ್ಡವುಗಳ ಸಾಲಿಗೆ ಸೇರುತ್ತವೆ.

ಆ ಸ್ಮಶಾನದಲ್ಲಿ 1894ರಲ್ಲಿ ಪುರಾತತ್ತ್ವಜ್ಞ ಪಾವೊಲೊ ಓರ್ಸಿಯವರಿಗೆ ಒಂದು ಚಿಕ್ಕ ಶಿಲಾಫಲಕ ಸಿಕ್ಕಿತು. 4ನೆಯ ಶತಮಾನದ ಕೊನೆಯದೋ 5ನೆಯ ಶತಮಾನದ ಆದಿಯದೋ ಆದ ಅದು ಎವುಸ್ಕಿಯ ಎಂಬ ಹೆಂಗಸಿನ ಗೋರಿಯ ಮೇಲಿನದು. ಗಂಡ ಬರೆಸಿದ್ದು. ತನ್ನ ಹೆಂಡತಿ ಲೂಸಿಯಮ್ಮನವರ ಹಬ್ಬದ ದಿನ ತೀರಿಕೊಂಡಳು ಎಂದು ಅದರಲ್ಲಿದೆ. ಭಾಷೆ ಗ್ರೀಕ್. ರೋಮಿನ ಆಳ್ವಿಕೆಗೆ ಆರು ಶತಮಾನ ಕಳೆದ ಮೇಲೂ ಆರ್ಕಿಯಸನ ಜೊತೆ ಬಂದವರ ಮಾತು ಊರಿನಲ್ಲಿ ಜೀವಂತವಾಗಿತ್ತು!

ಸಂತ ಲೂಸಿಯಮ್ಮನವರನ್ನು ನಮ್ಮ ಓದುಗರಿಗೆ ಪರಿಚಯಿಸಬೇಕಿಲ್ಲ. ನಮ್ಮ ಧರ್ಮಕೇಂದ್ರಗಳಲ್ಲಿ ಲೂಸಿ ಎಂಬ ಹೆಸರಿನ ಅಜ್ಜಿಯರಿಗೂ ಮೊಮ್ಮಕ್ಕಳಿಗೂ ಕೊರತೆಯಿಲ್ಲ. ಅವರು ಇದೇ ಸಿರಾಕೂಸಿನವರು ಎಂಬುದು ಮಾತ್ರ ಕೆಲವರಿಗೆ ಹೊಸದಾಗಿರಬಹುದು. ರಕ್ತಸ್ರಾವದಿಂದ ಬಳಲುತ್ತಿದ್ದ ತಾಯಿಯನ್ನು ಕತಾನಿಯದ ಸಂತ ಅಗತಮ್ಮನವರ ಸಮಾಧಿಗೆ ಕರೆದೊಯ್ದು, ತಾಯಿ ಗುಣವಾದ ಮೇಲೆ ತನ್ನ ಮದುವೆಗೆಂದು ಇಟ್ಟಿದ್ದ ಆಸ್ತಿಯನ್ನು ಬಡವರಿಗೆ ಹಂಚಿ, ಕ್ರಿ.ಶ. 304ರಲ್ಲಿ ರಕ್ತಸಾಕ್ಷಿಯಾದರೆಂದು ಪರಂಪರೆ ಹೇಳುತ್ತದೆ. ಬಲಿಪೂಜೆಯ ಮೊದಲನೆಯ ಪರಮಪ್ರಸಾದ ಪ್ರಾರ್ಥನೆಯಲ್ಲಿ ಅಗತಮ್ಮ, ಲೂಸಿಯಮ್ಮ ಎಂದು ಇಬ್ಬರ ಹೆಸರೂ ಅಕ್ಕಪಕ್ಕದಲ್ಲೇ ಬರುವುದನ್ನು ಗಮನಿಸಿ. ಕಣ್ಣುಗಳನ್ನು ತಟ್ಟೆಯಲ್ಲಿ ಹಿಡಿದ ಚಿತ್ರ ಬಹಳ ನಂತರದ ಕಾಲದ್ದು.

ಕಂಬಗಳು ನಿಂತೇ ಇವೆ

ಅಥೇನಳ ದೇಗುಲಕ್ಕೆ ಏನಾಯಿತು? ಅದನ್ನು ಕೆಡವಲಿಲ್ಲ. 7ನೆಯ ಶತಮಾನದಲ್ಲಿ, ಧರ್ಮಾಧ್ಯಕ್ಷ ಜೋಸಿಮರ ಕಾಲದಲ್ಲಿ, ಅದು ಪ್ರಧಾನಾಲಯವಾಯಿತು. ಮಾಡಿದ ಉಪಾಯ ಸರಳ. ಹೊರಗಿನ ಕಂಬಗಳ ನಡುವಿನ ಸಂದುಗಳಿಗೆ ಗೋಡೆ ಕಟ್ಟಿದರು. ಒಳಗರ್ಭಗುಡಿಯ ಗೋಡೆಗಳಲ್ಲಿ ಕಮಾನುಗಳನ್ನು ಕೊರೆದರು. ಕತ್ತಲ ಕೋಣೆ ನಡುಮನೆಯಾಯಿತು, ಸುತ್ತಿನ ಪ್ರಾಕಾರ ಪಕ್ಕದ ಹಜಾರಗಳಾದವು. ಇಂದು ಅಲ್ಲಿ ಬಲಿಪೂಜೆಗೆ ಹೋದವರು ಗೆಲೊನನ ಕಾಲದ ಕಂಬಕ್ಕೆ ಬೆನ್ನು ಕೊಟ್ಟು ನಿಲ್ಲಬಹುದು. ಬೀದಿಯ ಕಡೆಯ ಗೋಡೆಯಲ್ಲೂ ಆ ಕಂಬಗಳು ಅರ್ಧ ಹೊರಚಾಚಿ ಕಾಣುತ್ತವೆ. ಹಳೆಯದನ್ನು ಒಡೆದೇ ಹೊಸದನ್ನು ಕಟ್ಟಬೇಕೆಂಬವರು ಒಮ್ಮೆ ಇದನ್ನು ನೋಡಬೇಕು ಎನಿಸುತ್ತದೆ.

ಕ್ರಿ.ಶ. 877ರ ಆಗಸ್ಟಿನಲ್ಲಿ ಉತ್ತರ ಆಫ್ರಿಕದ ಅರಬರು ಊರಿಗೆ ಮುತ್ತಿಗೆ ಹಾಕಿದರು. ಒಳಗಿದ್ದ ತೆಯೊದೋಸಿಯಸ್ ಎಂಬ ಸನ್ಯಾಸಿ ಆಮೇಲೆ ಸೆರೆಯಿಂದ ಬರೆದ ಪತ್ರ ಉಳಿದಿದೆ. ಜನ ಚರ್ಮವನ್ನು ತಿಂದರು, ಎಲುಬುಗಳನ್ನು ಪುಡಿಮಾಡಿ ತಿಂದರು. ಕಾನ್‌ಸ್ಟಾಂಟಿನೋಪಲ್‌ನ ಚಕ್ರವರ್ತಿಯಿಂದ ಸಕಾಲಕ್ಕೆ ನೆರವು ಬರಲಿಲ್ಲ. ಏಕೆ? ಅವನ ನೌಕಾಪಡೆಯ ಆಳುಗಳನ್ನು ರಾಜಧಾನಿಯಲ್ಲಿ ಹೊಸ ದೇವಾಲಯವೊಂದನ್ನು ಕಟ್ಟುವ ಕೆಲಸಕ್ಕೆ ಹಚ್ಚಲಾಗಿತ್ತು ಎಂದು ಗ್ರೀಕ್ ಚರಿತ್ರಕಾರರು ಬರೆದಿದ್ದಾರೆ. ಇದನ್ನು ಓದಿದಾಗ ನನಗೆ ಸ್ವಲ್ಪ ಹೊತ್ತು ಮುಂದೆ ಓದಲಾಗಲಿಲ್ಲ. 878ರ ಮೇ 21ರಂದು ಊರು ಬಿತ್ತು. ಧರ್ಮಾಧ್ಯಕ್ಷ ಸೊಫ್ರೋನಿಯಸರನ್ನೂ ತೆಯೊದೋಸಿಯಸರನ್ನೂ ಪಲೆರ್ಮೊದ ಸೆರೆಮನೆಗೆ ಒಯ್ದರು. ಸಿಸಿಲಿಯ ಹಿರಿಯ ನಗರವೆಂಬ ಸ್ಥಾನ ಸಿರಾಕೂಸಿಗೆ ಮತ್ತೆ ಬರಲಿಲ್ಲ.

1086ರಲ್ಲಿ ನಾರ್ಮನ್ನರು ಬಂದರು. 1693ರ ಜನವರಿಯ ಭೂಕಂಪದಲ್ಲಿ ಊರು ಉರುಳಿತು. ಕಂಬಗಳು ಉಳಿದುಕೊಂಡವು, ದೇವಾಲಯದ ಮುಂಭಾಗ ಉಳಿಯಲಿಲ್ಲ. ಈಗ ಕಾಣುವ ಅಲಂಕೃತ ಮುಂಭಾಗ 18ನೆಯ ಶತಮಾನದ್ದು; ಅದರ ಮುಂದೆ ಸಂತ ಪೇತ್ರ, ಸಂತ ಪೌಲರ ಪ್ರತಿಮೆಗಳಿವೆ. ಒಳಗೆ ಜ್ಞಾನಸ್ನಾನದ ತೊಟ್ಟಿಯೊಂದಿದೆ. ಅದು ಮೂಲತಃ ಗ್ರೀಕರು ದ್ರಾಕ್ಷಾರಸ ಬೆರೆಸಲು ಬಳಸುತ್ತಿದ್ದಂಥ ಅಮೃತಶಿಲೆಯ ದೊಡ್ಡ ಪಾತ್ರೆ. ಅದರ ಮೇಲೆ ಗ್ರೀಕ್ ಬರಹವಿದೆ. ಮಧ್ಯಯುಗದ ಕಂಚಿನ ಪುಟ್ಟ ಸಿಂಹಗಳು ಅದನ್ನು ಹೊತ್ತು ನಿಂತಿವೆ. ದ್ವೀಪದಾಚೆ, ಹೊಸ ಊರಿನಲ್ಲಿ, 1953ರ ಆಗಸ್ಟ್ 29ರಿಂದ ನಾಲ್ಕು ದಿನ ಒಬ್ಬ ಕೂಲಿಕಾರನ ಮನೆಯಲ್ಲಿ ಮಾತೆ ಮರಿಯಮ್ಮನವರ ಗಾರೆಯ ಚಿತ್ರಫಲಕ ಕಣ್ಣೀರಿಟ್ಟಿತೆಂಬ ಸುದ್ದಿ ಹಬ್ಬಿತು. ಅದೇ ವರ್ಷ ಡಿಸೆಂಬರಿನಲ್ಲಿ ಸಿಸಿಲಿಯ ಧರ್ಮಾಧ್ಯಕ್ಷರು ಅದನ್ನು ಅಂಗೀಕರಿಸಿದರು. ಅಲ್ಲಿನ ದೊಡ್ಡ ಪುಣ್ಯಕ್ಷೇತ್ರವನ್ನು ಜಗದ್ಗುರು ಎರಡನೆಯ ಜಾನ್ ಪೌಲರು 1994ರ ನವೆಂಬರ್ 6ರಂದು ಪ್ರತಿಷ್ಠಾಪಿಸಿದರು.

ಲೂಸಿಯಮ್ಮನವರ ಶರೀರ ಈಗ ಸಿರಾಕೂಸಿನಲ್ಲಿಲ್ಲ. 11ನೆಯ ಶತಮಾನದಲ್ಲಿ ಗ್ರೀಕ್ ಸೇನಾಪತಿಯೊಬ್ಬ ಅದನ್ನು ಕಾನ್‌ಸ್ಟಾಂಟಿನೋಪಲ್‌ಗೆ ಒಯ್ದ. ಅಲ್ಲಿಂದ 1204ರಲ್ಲಿ ವೆನಿಸಿಗೆ ಹೋಯಿತು. 2004ರಲ್ಲಿ, ರಕ್ತಸಾಕ್ಷಿಯಾಗಿ 1700 ವರ್ಷಗಳಾದ ನೆನಪಿಗೆ, ಕೆಲವು ದಿನಗಳ ಮಟ್ಟಿಗೆ ಮಾತ್ರ ಊರಿಗೆ ತರಲಾಗಿತ್ತು. ಆದರೂ ಪ್ರತಿವರ್ಷ ಡಿಸೆಂಬರ್ 13ರಂದು ಅವರ ಬೆಳ್ಳಿಯ ಪ್ರತಿಮೆಯನ್ನು ಆ ಹಳೆಯ ಕಂಬಗಳ ನಡುವಿನಿಂದ ಹೊರತಂದು, ಜನ ಹೆಗಲ ಮೇಲೆ ಹೊತ್ತು ದ್ವೀಪ ದಾಟಿ, ಅವರ ಖಾಲಿ ಸಮಾಧಿಯಿರುವ ದೇವಾಲಯಕ್ಕೆ ಒಯ್ಯುತ್ತಾರೆ. ಪ್ರತಿಮೆ ಅಲ್ಲಿ ಒಂದು ವಾರವಿದ್ದು 20ರಂದು ಹಿಂತಿರುಗುತ್ತದೆ. 1646ರ ಬರಗಾಲದಲ್ಲಿ ಲೂಸಿಯಮ್ಮನವರಿಗೆ ಮೊರೆಯಿಟ್ಟಾಗ ಗೋಧಿ ತುಂಬಿದ ಹಡಗುಗಳು ಬಂದರಿಗೆ ಬಂದವೆಂದೂ, ಹಸಿದಿದ್ದ ಜನ ಬೀಸುವಷ್ಟು ಹೊತ್ತೂ ಕಾಯದೆ ಗೋಧಿಯನ್ನು ಹಾಗೆಯೇ ಬೇಯಿಸಿ ತಿಂದರೆಂದೂ ಹೇಳುತ್ತಾರೆ. ಆದ್ದರಿಂದ ಹಬ್ಬದ ದಿನ ಸಿಸಿಲಿಯ ಮನೆಗಳಲ್ಲಿ ಇಡಿಗೋಧಿಯನ್ನು ನೆನೆಸಿ, ಬೇಯಿಸಿ, ಸಿಹಿ ಬೆರೆಸಿ ತಿನ್ನುತ್ತಾರೆ. ಹೆಚ್ಚುಕಡಿಮೆ ನಮ್ಮ ಗೋಧಿ ಪಾಯಸದ ಹಾಗೆಯೇ. ಅದರ ಹೆಸರು ಕುಚ್ಚೀಯ. ಹಳೆಯ ಮನೆಗಳಲ್ಲಿ ಆ ದಿನ ರೊಟ್ಟಿಯನ್ನು ಮುಟ್ಟುವುದಿಲ್ಲ.